‘ಸ್ಯಾಕ್ಸಿಕೊಲಸ್’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನುವುದು?

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ (ಶನಿವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಸಸ್ಯಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಮುಂದಿನ ತಿಂಗಳು ನಮ್ಮ ವಿಭಾಗದವರು ಶಾಲಾ ಮಕ್ಕಳಿಗಾಗಿ ಒಂದು ಪ್ರದರ್ಶನ ಏರ್ಪಡಿಸುತ್ತಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಬಂಡೆಗಳ ಮೇಲಿನ ಲೈಕನ್‌ಗಳ ಫಲಕ. ಕೋಟೆ ಹತ್ತಿದವರೆಲ್ಲ ಅವನ್ನು ನೋಡಿರುತ್ತೀರಿ, ನೋಡಿದೆವೆಂದು ಗೊತ್ತಿರುವುದಿಲ್ಲ ಅಷ್ಟೇ. ಬಂಡೆಗೆ ಯಾರೋ ಸುಣ್ಣ ಎರಚಿದ ಹಾಗೆ, ಅರಿಸಿನ ಉಜ್ಜಿದ ಹಾಗೆ, ಬೂದಿ ಮೆತ್ತಿದ ಹಾಗೆ ಕಾಣುವ ಮಚ್ಚೆಗಳು ಇವೆಯಲ್ಲ, ಅವೇ.

ಓದಿದ ಲೇಖನಗಳಲ್ಲೆಲ್ಲ ಇವುಗಳ ಹಿಂದೆ ಒಂದು ಗುಣವಾಚಕ ಬಾಲದಂತೆ ಅಂಟಿಕೊಂಡಿದೆ: ಸ್ಯಾಕ್ಸಿಕೊಲಸ್. ಮೊಬೈಲಿನ ಅನುವಾದಕವನ್ನು ಕೇಳಿದರೆ ‘ಶಿಲಾಮಯ’ ಎಂದಿತು. ಅದು ತಪ್ಪೆಂದು ನನಗೂ ಗೊತ್ತು, ಲೈಕನ್ ಕಲ್ಲಿನಿಂದ ಆದದ್ದಲ್ಲ. ಆಮ್ಲ ಬಿಟ್ಟು ಕಲ್ಲನ್ನು ಸವೆಸುತ್ತವೆ ಎಂದು ಎಲ್ಲೋ ಓದಿದ್ದ ನೆನಪಿನಲ್ಲಿ ಆತುರಾತುರವಾಗಿ ‘ಕಲ್ಲು ತಿನ್ನುವ ಲೈಕನ್‌ಗಳು’ ಎಂದು ಕರಡು ಬರೆದುಕೊಟ್ಟೆ. ಅಂದಿನಿಂದ ಸಹಪಾಠಿಗಳು ಊಟದ ಹೊತ್ತಿಗೆ ನನ್ನ ಮುಂದೆ ಜಲ್ಲಿಕಲ್ಲು ತಂದಿಡುತ್ತಿದ್ದಾರೆ.

ಈ ಪದದ ಸರಿಯಾದ ಅರ್ಥ ಏನು, ಹುಟ್ಟಿದ್ದು ಎಲ್ಲಿಂದ, ಎಲ್ಲೆಲ್ಲಿ ಬಳಸಬಹುದು, ಕನ್ನಡದಲ್ಲಿ ಏನೆನ್ನಬಹುದು ಎಂದು ತಿಳಿದವರು ದಯವಿಟ್ಟು ಹೇಳಿ. ಆರನೆಯ ತರಗತಿಯ ಮಗು ಓದಿದರೂ ಅರ್ಥವಾಗಬೇಕು.


ಓತಿಕ್ಯಾತ (ಶನಿವಾರ ರಾತ್ರಿ 9:58)

ಸ್ಯಾಕ್ಸೋಫೋನ್‌ಗೂ ಇದಕ್ಕೂ ನಂಟಿದೆಯೇ? ಕದ್ರಿ ಗೋಪಾಲನಾಥರ ಕಛೇರಿ ಕೇಳಿ ಬೆಳೆದವನಿಗೆ ಮೊದಲು ಹೊಳೆದದ್ದು ಅದೇ. ಹಿಂದೆ ‘ಕೋಲಾ’ ಬೇರೆ ಇದೆ. ಬಾಯಾರಿಕೆಯಾದ ವಾದ್ಯಗಾರನ ವರ್ಣನೆಯೇ ಇರಬೇಕು.


ಭೂತಗನ್ನಡಿ (ಭಾನುವಾರ ಬೆಳಿಗ್ಗೆ 7:15)

ಎರಡೂ ಅಲ್ಲ. ಸ್ಯಾಕ್ಸೋಫೋನ್ ತನ್ನನ್ನು ಮಾಡಿದ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್‌ನ ಹೆಸರು ಹೊತ್ತಿದೆ, ಅವನು ಅದಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಕೋಲಾ ಎಂಬುದು ಪಶ್ಚಿಮ ಆಫ್ರಿಕಾದ ಒಂದು ಮರದ ಬೀಜ. ಆದರೂ ತಮಾಷೆಯಿಂದ ಒಂದು ಉಪಕಾರವಾಯಿತು, ಪದವನ್ನು ಸರಿಯಾದ ಜಾಗದಲ್ಲೇ ಮುರಿದಿದ್ದೀರಿ. ಸ್ಯಾಕ್ಸಿ ಒಂದು ತುಂಡು, ಕೊಲಸ್ ಇನ್ನೊಂದು.

ಲ್ಯಾಟಿನ್ನಿನ ‘ಸ್ಯಾಕ್ಸಮ್’ ಎಂದರೆ ಬಂಡೆ. ಸಣ್ಣ ಕಲ್ಲಿಗೆ ಆ ಭಾಷೆಯಲ್ಲಿ ‘ಲಾಪಿಸ್’ ಎಂಬ ಬೇರೆ ಮಾತಿದೆ, ಸ್ಯಾಕ್ಸಮ್ ಎಂದರೆ ದೊಡ್ಡದು, ಒರಟಾದದ್ದು. ‘ಕತ್ತರಿಸು’ ಎಂಬ ಅರ್ಥದ ಹಳೆಯ ಧಾತುವಿನಿಂದ ಅದು ಬಂದಿರಬೇಕೆಂದು ಹಲವು ವಿದ್ವಾಂಸರ ಊಹೆ. ಎರಡನೆಯ ತುಂಡಿನ ಮೂಲ ‘ಕೊಲೆರೆ’ ಎಂಬ ಕ್ರಿಯಾಪದ. ನೆಲೆಸು, ವಾಸಿಸು ಎಂಬುದು ಇಲ್ಲಿನ ಅರ್ಥ. ಒಟ್ಟಿನಲ್ಲಿ ‘ಬಂಡೆಯ ಮೇಲೆ ಅಥವಾ ಬಂಡೆಗಳ ನಡುವೆ ನೆಲೆಸುವ’. ಇಂಗ್ಲಿಷಿನಲ್ಲಿ ಇದು ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ, ಜೀವಿಗಳನ್ನು ಅವು ಬೆಳೆಯುವ ಆಸರೆಯ ಲೆಕ್ಕದಲ್ಲಿ ವಿಂಗಡಿಸುವ ಕೆಲಸಕ್ಕಾಗಿ. ಉಚ್ಚರಿಸುವಾಗ ಒತ್ತು ‘ಸಿ’ ಮೇಲೆ ಬೀಳಬೇಕು.

ಬಳಕೆಯ ಬಗ್ಗೆ ಒಂದು ಎಚ್ಚರ. ಇದು ಜೀವಿಗೆ ಸಲ್ಲುವ ವಿಶೇಷಣ. ಸ್ಯಾಕ್ಸಿಕೊಲಸ್ ಲೈಕನ್, ಸ್ಯಾಕ್ಸಿಕೊಲಸ್ ಹಾವಸೆ, ಸ್ಯಾಕ್ಸಿಕೊಲಸ್ ಹಲ್ಲಿ ಎನ್ನಬಹುದು. ಸ್ಯಾಕ್ಸಿಕೊಲಸ್ ಕೋಟೆ ಎನ್ನಬಾರದು. ಹಾಗೆ ಬರೆದದ್ದನ್ನು ನಾನು ಒಂದು ಪ್ರವಾಸಿ ಕರಪತ್ರದಲ್ಲಿ ಓದಿದ್ದೇನೆ. ಬರೆದವರಿಗೆ ನಿಘಂಟು ಸಿಕ್ಕಿತ್ತು, ಅರ್ಥ ಸಿಕ್ಕಿರಲಿಲ್ಲ.

ಇದರ ಒಡಹುಟ್ಟಿದವು ಹಲವು. ಮರದ ತೊಗಟೆಯ ಮೇಲಿನದು ಕಾರ್ಟಿಕೊಲಸ್, ಮಣ್ಣಿನ ಮೇಲಿನದು ಟೆರಿಕೊಲಸ್, ಎಲೆಯ ಮೇಲಿನದು ಫೋಲಿಕೊಲಸ್, ಮರಳಿನದು ಅರೆನಿಕೊಲಸ್. ಗ್ರೀಕ್ ಕಡೆಯಿಂದ ಬಂದ ದಾಯಾದಿಗಳೂ ಇದ್ದಾರೆ: ಕಲ್ಲಿನ ಮೇಲ್ಮೈಯಲ್ಲೇ ಇರುವುದು ಎಪಿಲಿಥಿಕ್, ಕಲ್ಲಿನ ಹರಳುಗಳ ಸಂದಿಗೆ ಇಳಿದು ಒಳಗೇ ಬದುಕುವುದು ಎಂಡೊಲಿಥಿಕ್. ಸ್ಯಾಕ್ಸಿಕೊಲಸ್ ಎಂದರೆ ಮೇಲೋ ಒಳಗೋ ಎಂಬ ತಕರಾರಿಲ್ಲ, ವಿಳಾಸ ಬಂಡೆಯದಾಗಿದ್ದರೆ ಸಾಕು.

ಕನ್ನಡ ಪದ ನನ್ನನ್ನು ಕೇಳಬೇಡಿ. ತರಗತಿಯಲ್ಲಿ 20 ವರ್ಷ ‘ಬಂಡೆಯ ಮೇಲೆ ಬೆಳೆಯುವ’ ಎಂದೇ ಹೇಳಿದ್ದೇನೆ, ಯಾವ ವಿದ್ಯಾರ್ಥಿಯೂ ಅದರಿಂದ ನಪಾಸಾಗಿಲ್ಲ.


ಮಂಡಕ್ಕಿ ಮೆಣಸಿನಕಾಯಿ, ದಾವಣಗೆರೆ (ಭಾನುವಾರ ಬೆಳಿಗ್ಗೆ 8:30)

ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಕಲ್ಲುಹೂವು ಎಂಬ ಚೆಂದದ ಹೆಸರು ಇದ್ದೇ ಇದೆ. ನಮ್ಮ ಕಿರಾಣಿ ಅಂಗಡಿಯಲ್ಲಿ ಮರಾಠಿ ಮೊಗ್ಗಿನ ಪಕ್ಕದ ಡಬ್ಬಿಯಲ್ಲಿ ಅದೇ ಇರುವುದು. ಮಸಾಲೆ ಪುಡಿಗೆ ಹಾಕುತ್ತಾರೆ, ಎಣ್ಣೆಯಲ್ಲಿ ಹುರಿದರೆ ಮಾತ್ರ ಪರಿಮಳ ಬಿಡುತ್ತದೆ. ಅದೂ ಲೈಕನ್ನೇ ಅಲ್ಲವೇ? ಅಲ್ಲಿಗೆ ‘ಕಲ್ಲುಹೂವಿನಂಥ’ ಎಂದು ಬರೆದರೆ ಕೆಲಸ ಮುಗಿಯಿತು.


ಭೂತಗನ್ನಡಿ (ಭಾನುವಾರ ಬೆಳಿಗ್ಗೆ 8:52)

ಅದು ಲೈಕನ್ ಎಂಬುದು ನಿಜ, ಪಾರ್ಮೋಟ್ರೆಮ ಎಂಬ ಕುಲದ್ದು. ಆದರೆ ಅಂಗಡಿ ತೆರೆದ ಮೇಲೆ ಒಂದು ಕೆಲಸ ಮಾಡಿ. ಡಬ್ಬಿಯಿಂದ ನಾಲ್ಕೈದು ಚೂರು ತೆಗೆದು ಮಗುಚಿ, ಕಪ್ಪು ಬೆನ್ನಿನ ಕಡೆ ಏನು ಅಂಟಿಕೊಂಡಿದೆ ಎಂದು ನೋಡಿ ಬರೆಯಿರಿ.


ಮಂಡಕ್ಕಿ ಮೆಣಸಿನಕಾಯಿ, ದಾವಣಗೆರೆ (ಭಾನುವಾರ ಬೆಳಿಗ್ಗೆ 11:20)

ನೋಡಿದೆ. ಹನ್ನೆರಡು ಚೂರಿನಲ್ಲಿ ಒಂಬತ್ತರ ಬೆನ್ನಿಗೆ ಮರದ ತೊಗಟೆಯ ಸಿಪ್ಪೆ. ಒಂದಕ್ಕೂ ಕಲ್ಲಿನ ಪುಡಿ ಅಂಟಿಲ್ಲ. ಅಪ್ಪನ ಕಾಲದಿಂದ ಕಲ್ಲುಹೂವು ಎಂದು ಮಾರುತ್ತಿದ್ದೇವೆ!


ಭೂತಗನ್ನಡಿ (ಭಾನುವಾರ ಬೆಳಿಗ್ಗೆ 11:31)

ಮೋಸವೇನಲ್ಲ, ಅಂಗಡಿ ಮುಚ್ಚಬೇಡಿ. ಆ ಲೈಕನ್ ಬಂಡೆಯ ಮೇಲೂ ಬೆಳೆಯುತ್ತದೆ, ಮರದ ಮೇಲೂ ಬೆಳೆಯುತ್ತದೆ. ಮಾರುಕಟ್ಟೆಗೆ ಬರುವುದರಲ್ಲಿ ಮರಗಳಿಂದ ಕಿತ್ತದ್ದೇ ಹೆಚ್ಚು. ತೆಳುವಾದ ಹಾಳೆಯಂತೆ ಬೆಳೆಯುವ ಜಾತಿಯಾದ್ದರಿಂದ ಸುಲಭವಾಗಿ ಎದ್ದುಬರುತ್ತದೆ. ನಮ್ಮ ಹುಡುಗಿ ಕೇಳುತ್ತಿರುವ ಕೋಟೆಯ ಲೈಕನ್‌ಗಳಲ್ಲಿ ಹೆಚ್ಚಿನವು ಹೊಪ್ಪಳೆಯ ಬಗೆಯವು, ಬಂಡೆಗೆ ಎಷ್ಟು ಬಿಗಿಯಾಗಿ ಕೂತಿರುತ್ತವೆ ಎಂದರೆ ಉಳಿ ಹಾಕಿ ಕಲ್ಲಿನ ಚಕ್ಕೆಯ ಸಮೇತವೇ ತೆಗೆಯಬೇಕು. ಆದ್ದರಿಂದ ಕಲ್ಲುಹೂವು ಎಂಬುದು ಜೀವಿಯ ಹೆಸರಾಯಿತು, ವಾಸದ ಗುಣ ಹೇಳಲು ಒದಗುವುದಿಲ್ಲ. ‘ಮರದ ಮೇಲಿನ ಕಲ್ಲುಹೂವು’ ಎಂದು ಬರೆದರೆ ಓದುವವರು ಏನು ತಿಳಿದುಕೊಳ್ಳಬೇಕು?


ಓತಿಕ್ಯಾತ (ಭಾನುವಾರ ಮಧ್ಯಾಹ್ನ 12:10)

ಹೆಸರು ಮೋಸ ಮಾಡುವುದು ಕಿರಾಣಿ ಅಂಗಡಿಯಲ್ಲಿ ಮಾತ್ರವಲ್ಲ. ನನ್ನ ಅಡ್ಡಹೆಸರಿನ ಪ್ರಾಣಿಯನ್ನೇ ನೋಡಿ. ಚಂದ್ರವಳ್ಳಿಯ ಗುಂಡುಗಳ ಮೇಲೆ ಬೇಸಿಗೆಯಲ್ಲಿ ತಲೆ ಆಡಿಸುತ್ತ ಕೂರುವ ಓತಿ, ಗಂಡಿಗೆ ಬೆದೆಯ ಕಾಲದಲ್ಲಿ ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗುತ್ತದಲ್ಲ, ಅದು. ಬಂಡೆ ಬಿಟ್ಟು ಅದು ಇರುವುದೇ ಅಪರೂಪ. ವಿಜ್ಞಾನದಲ್ಲಿ ಅದರ ಕುಲದ ಹೆಸರು ಸ್ಯಾಮೊಫಿಲಸ್. ಅರ್ಥ ಹುಡುಕಿದೆ: ಮರಳನ್ನು ಪ್ರೀತಿಸುವುದು! ಇನ್ನೊಂದು ಕಡೆ ಸ್ಯಾಕ್ಸಿಕೊಲ ಎಂದೇ ಹೆಸರಿರುವ ಹಕ್ಕಿಯ ಕುಲವಿದೆ. ಅದರಲ್ಲಿ ನಮ್ಮ ಕಡೆ ಸಿಗುವುದು ಕಪ್ಪು ಮೈಯ, ರೆಕ್ಕೆಯಲ್ಲಿ ಬಿಳಿ ಪಟ್ಟೆಯ ಪುಟ್ಟ ಹಕ್ಕಿ. ಅದನ್ನು ನಾನು ತೆಗೆದ ಚಿತ್ರಗಳಲ್ಲೆಲ್ಲ ಅದು ಕೂತಿರುವುದು ಜಾಲಿಯ ತುದಿಯಲ್ಲಿ, ಬೇಲಿಯ ತಂತಿಯ ಮೇಲೆ, ಸಜ್ಜೆ ತೆನೆಯ ಮೇಲೆ. ಬಂಡೆಯವನಿಗೆ ಮರಳಿನ ಹೆಸರು, ಬೇಲಿಯವನಿಗೆ ಬಂಡೆಯ ಹೆಸರು.

ಕೋಟೆಯ ಕೋತಿಗಳನ್ನು ಸ್ಯಾಕ್ಸಿಕೊಲಸ್ ಎನ್ನಬಹುದೇ? ಹೆಜ್ಜೇನನ್ನು?


ಭೂತಗನ್ನಡಿ (ಭಾನುವಾರ ಮಧ್ಯಾಹ್ನ 12:40)

ಓತಿಗೆ ಖಂಡಿತ ಸಲ್ಲುತ್ತದೆ. ಹೆಜ್ಜೇನು ಬಂಡೆಯ ಚಾಚಿಗೂ ಕಟ್ಟುತ್ತದೆ, ಆಲದ ಕೊಂಬೆಗೂ ಕಟ್ಟುತ್ತದೆ, ಊರಿನ ನೀರಿನ ಟ್ಯಾಂಕನ್ನೂ ಬಿಡುವುದಿಲ್ಲ, ಆದ್ದರಿಂದ ಬಂಡೆಗೆ ಕಟ್ಟಿದ ಗೂಡನ್ನು ಬೇಕಾದರೆ ಹಾಗೆನ್ನಿ, ಇಡೀ ಜಾತಿಯನ್ನಲ್ಲ. ಕೋತಿಗಳ ನೆಲೆ ಪ್ರವಾಸಿಗರ ಕೈಚೀಲ.


ಹಳೇಪೇಟೆ ಮೇಷ್ಟ್ರು, ದಾವಣಗೆರೆ (ಭಾನುವಾರ ಸಂಜೆ 5:05)

ತಂಗಿ, ನಿನ್ನ ಪ್ರಶ್ನೆ ನನ್ನ ಮಧ್ಯಾಹ್ನದ ನಿದ್ರೆ ಕೆಡಿಸಿತು. ನಿವೃತ್ತ ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಭಾನುವಾರ ಬೇರೆ ಇಲ್ಲ. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ ಆಗಿದ್ದೆವು, ಆದ್ದರಿಂದ ದುರ್ಗದ ಕಲ್ಲಿನ ಮೇಲೆ ನನಗೂ ಹಕ್ಕಿದೆ ಎಂದುಕೊಂಡು ಬರೆಯುತ್ತೇನೆ.

ಆಯುರ್ವೇದದಲ್ಲಿ ಈ ಕಲ್ಲುಹೂವಿಗೆ ಶೈಲೇಯ ಎಂದೂ ಶಿಲಾಪುಷ್ಪ ಎಂದೂ ಹೆಸರು. ಶಿಲೆಗೆ ಸೇರಿದ್ದು ಶೈಲೇಯ. ಸೊಗಸಾದ ಮಾತು, ಆದರೆ ಅದೂ ವಸ್ತುವಿನ ಹೆಸರಾಗಿ ಗಟ್ಟಿಯಾಗಿಬಿಟ್ಟಿದೆ. ಪಾಠಪುಸ್ತಕದ ದಾರಿ ಹಿಡಿದರೆ ‘ಶಿಲಾವಾಸಿ’. ಕಪ್ಪೆಗಳನ್ನು ಉಭಯವಾಸಿ ಎಂದು ಮಕ್ಕಳು ಓದಿರುತ್ತಾರೆ, ಆದ್ದರಿಂದ ಕಷ್ಟವಾಗದು.

ಆದರೆ ನನ್ನ ಮನಸ್ಸು ಬೇರೊಂದರ ಮೇಲಿದೆ. ಭೂತಗನ್ನಡಿಯವರು ಹೇಳಿದ ಕೊಲೆರೆ ಎಂಬ ಲ್ಯಾಟಿನ್ ಪದ ಇಂಡೋ-ಯುರೋಪಿಯನ್ ಮೂಲದ ‘ತಿರುಗು, ಸುತ್ತು’ ಎಂಬರ್ಥದ ಧಾತುವಿನಿಂದ ಬಂದದ್ದು. ಅದೇ ಧಾತು ಸಂಸ್ಕೃತಕ್ಕೆ ಬಂದು ‘ಚರ್’ ಆಯಿತು, ಚಕ್ರವೂ ಆಯಿತು. ಇಂಗ್ಲಿಷಿನ ವೀಲ್ ಕೂಡ ಅದರ ಸಂತಾನವೇ. ಅಂದರೆ ಜಲಚರ, ವನಚರ, ನಿಶಾಚರ ಎಂಬಲ್ಲಿನ ಚರವೂ ಸ್ಯಾಕ್ಸಿಕೊಲಸ್‌ನ ಕೊಲವೂ ಒಂದೇ ಮನೆಯ ಮಕ್ಕಳು. ಹಾಗಿದ್ದ ಮೇಲೆ ‘ಶಿಲಾಚರ’ ಎನ್ನೋಣ. ಮೂಲವೂ ಕೂಡಿತು, ಕಿವಿಗೂ ಇಂಪು.


ಅಡ್ಡಪ್ರಶ್ನೆ (ಭಾನುವಾರ ಸಂಜೆ 6:20)

ಮೇಷ್ಟ್ರೇ, ನೀವು ಕಲಿಸಿದ ಅಸ್ತ್ರವನ್ನೇ ನಿಮ್ಮ ಮೇಲೆ ಬಿಡುತ್ತಿದ್ದೇನೆ, ಕ್ಷಮಿಸಿ. ಶಿಲಾ ಮತ್ತು ಚರ ಸೇರಿದರೆ ಶಿಲಾಚರ. ಶಿಲಾ ಮತ್ತು ಅಚರ ಸೇರಿದರೆ? ಸವರ್ಣದೀರ್ಘ ಸಂಧಿ, ಅದೂ ಶಿಲಾಚರವೇ. ಒಂದೇ ಪದ ‘ಕಲ್ಲಿನ ಮೇಲೆ ಓಡಾಡುವುದು’ ಎಂದೂ ಆಯಿತು, ‘ಕಲ್ಲಿನ ಮೇಲೆ ಕದಲದೆ ಇರುವುದು’ ಎಂದೂ ಆಯಿತು. ಓತಿಗೆ ಮೊದಲನೆಯ ಅರ್ಥ, ಲೈಕನ್ನಿಗೆ ಎರಡನೆಯದು ಎಂದು ನೀವು ಸಮಾಧಾನ ಹೇಳಬಹುದು. ಕಾವ್ಯಕ್ಕೆ ಅದು ಒಡವೆ, ಪಾರಿಭಾಷಿಕ ಪದಕ್ಕೆ ಕುತ್ತು.

ಶಿಲಾವಾಸಿಯೂ ಬೇಡ. ‘ಜ್ವರ ವಾಸಿಯಾಯಿತು’ ಎನ್ನುವ ಊರಿನ ಮಗು ಅದನ್ನು ಓದಿ ಕಲ್ಲಿಗೆ ಏನಾಗಿತ್ತು ಎಂದು ಕೇಳುತ್ತದೆ. ಮೇಲಾಗಿ ಇದು ಒಂಟಿ ಪದವಲ್ಲ, ಸಾಲಿನ ಪದ. ಇದೇ ದಾರಿಯಲ್ಲಿ ಕಾರ್ಟಿಕೊಲಸ್‌ಗೆ ‘ತ್ವಗ್ವಾಸಿ’ ಎನ್ನಬೇಕಾಗುತ್ತದೆ. ಎಲ್ಲಿ, ಮೂರು ಸಲ ಗಟ್ಟಿಯಾಗಿ ಹೇಳಿ ನೋಡೋಣ.

ನನ್ನ ಸಲಹೆ: ಪದ ಕಟ್ಟುವ ಗೋಜಿಗೇ ಹೋಗಬೇಡಿ. ಕನ್ನಡದಲ್ಲಿ ಗುಣವಾಚಕದ ಕೆಲಸವನ್ನು ಷಷ್ಠಿಯೂ ಕೃದಂತವೂ ಮಾಡಿಕೊಂಡು ಬಂದಿವೆ. ಕಲ್ಲಿನ, ಬಂಡೆಯ ಮೇಲಿನ, ಬಂಡೆಗೆ ಹಿಡಿದ. ತುಕ್ಕು ಹಿಡಿಯುತ್ತದೆ, ಪಾಚಿ ಹಿಡಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಲೈಕನ್ ಕೂಡ ಹಿಡಿಯಲಿ.


ಹಳೇಪೇಟೆ ಮೇಷ್ಟ್ರು, ದಾವಣಗೆರೆ (ಭಾನುವಾರ ಸಂಜೆ 6:45)

ಸಂಧಿಯಲ್ಲಿ ಸಿಕ್ಕಿಬಿದ್ದೆ. ಪೂರ್ಣಾಂಕ ಕೊಟ್ಟಿದ್ದೇನೆ, ಆದರೆ ಸೋಲು ಒಪ್ಪಿಲ್ಲ. ‘ಹಿಡಿದ’ ಎಂದರೆ ಕಾಯಿಲೆಯಂತೆ ಕೇಳಿಸುತ್ತದೆ. ತುಕ್ಕು, ಬೂಷ್ಟು, ದೆವ್ವ, ಎಲ್ಲವೂ ಬೇಡವಾದವೇ ಹಿಡಿಯುವುದು.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ (ಭಾನುವಾರ ರಾತ್ರಿ 9:15)

ಇಷ್ಟೊಂದು ಉತ್ತರ ನಿರೀಕ್ಷಿಸಿರಲಿಲ್ಲ. ಊಟದ ಹೊತ್ತಿನಲ್ಲಿ ಮನೆಯವರಿಗೆ ಇದನ್ನೆಲ್ಲ ಓದಿ ಹೇಳುತ್ತಿದ್ದೆ. ಅಜ್ಜಿ ಸುಮ್ಮನೆ ಕೇಳುತ್ತ ಕೂತಿದ್ದವರು ಕೊನೆಗೆ, “ಅದಕ್ಕೇನು ಹೆಸರು ಹುಡುಕುತ್ತೀ, ಬಂಡೆಯ ಒಕ್ಕಲು ಅನ್ನು” ಎಂದರು. ನನಗೆ ಅರ್ಥವಾಗಲಿಲ್ಲ. “ನಮ್ಮ ಮನೆದೇವರಿಗೆ ನಾವು ಒಕ್ಕಲು. ಆ ದೇವರು ಇರುವುದೂ ಗುಡ್ಡದ ಬಂಡೆಯ ಮೇಲೆಯೇ. ಹೋದಾಗಲೆಲ್ಲ ನೋಡಿದ್ದೇನೆ, ಆ ಬೂದು ಬಣ್ಣದ್ದು ನಮಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ಅದು ಹಳೆಯ ಒಕ್ಕಲು” ಎಂದರು.

ಮೇಷ್ಟ್ರೇ, ಇದು ನಡೆಯುತ್ತದೆಯೇ? ಅಥವಾ ಅಜ್ಜಿಯ ಮೇಲಿನ ಪ್ರೀತಿಗೆ ನನಗೆ ಚೆನ್ನಾಗಿ ಕಾಣುತ್ತಿದೆಯೇ?


ಹಳೇಪೇಟೆ ಮೇಷ್ಟ್ರು, ದಾವಣಗೆರೆ (ಭಾನುವಾರ ರಾತ್ರಿ 10:30)

ಅಜ್ಜಿಗೆ ನನ್ನ ನಮಸ್ಕಾರ ಹೇಳು. ನಾನು ಮನೆಯಲ್ಲಿರುವ ಲ್ಯಾಟಿನ್ ನಿಘಂಟು ತೆಗೆದು ಕೂತು ಒಂದು ಗಂಟೆಯಾಯಿತು, ಮಂಚದಿಂದ ಕರೆ ಬರುತ್ತಲೇ ಇದೆ.

ಕೊಲೆರೆ ಎಂಬ ಪದಕ್ಕೆ ನೆಲೆಸು ಎಂಬುದು ಒಂದು ಅರ್ಥ ಮಾತ್ರ. ಎರಡನೆಯದು ಬೇಸಾಯ ಮಾಡು. ಹೊಲ ಉಳುವವನು ಅವರಿಗೆ ಅಗ್ರಿಕೊಲ. ಕಲ್ಚರ್ ಎಂಬ ಮಾತೂ ಉಳುಮೆಯಿಂದ ಎದ್ದು ಬಂದದ್ದೇ, ಕಾಲನಿ ಎಂಬುದೂ ಅಲ್ಲಿಯದೇ. ಮೂರನೆಯ ಅರ್ಥ, ದೇವರನ್ನು ಆರಾಧಿಸು, ನಡೆದುಕೊ. ಕಲ್ಟ್ ಎಂಬ ಇಂಗ್ಲಿಷ್ ಪದ ಆ ಕವಲಿನದು. ನೆಲೆಸುವುದು, ಉಳುವುದು, ದೇವರಿಗೆ ನಡೆದುಕೊಳ್ಳುವುದು, ಮೂರೂ ಒಂದೇ ಕ್ರಿಯಾಪದದಲ್ಲಿ.

ಈಗ ನಮ್ಮ ಒಕ್ಕಲು ನೋಡು. ‘ನೂರು ಒಕ್ಕಲಿನ ಊರು’ ಎಂದರೆ ನೂರು ಮನೆತನ ನೆಲೆಸಿದ ಊರು. ಹೊಸ ಮನೆಗೆ ಕಾಲಿಡುವ ಶುಭಕಾರ್ಯ ಮನೆ ಒಕ್ಕಲು. ಅಲ್ಲಿಗೆ ಮೊದಲನೆಯ ಅರ್ಥ ಮುಗಿಯಿತು. ಒಕ್ಕಲುತನ ಎಂದರೆ ಬೇಸಾಯ, ಗೇಣಿಗೆ ಹೊಲ ಮಾಡುವವನೂ ಒಕ್ಕಲೇ. ಇನ್ನು ಮೂರನೆಯದು, ನಿನ್ನ ಅಜ್ಜಿ ಹೇಳಿದ ದೇವರ ಒಕ್ಕಲು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆ. ರೋಮಿನ ರೈತ ಯಾವ ಮೂರು ಕೆಲಸಗಳನ್ನು ಒಂದೇ ಮಾತಿನಲ್ಲಿ ಕಟ್ಟಿದನೋ ಕನ್ನಡದ ರೈತನೂ ಅವೇ ಮೂರನ್ನು ಒಂದೇ ಮಾತಿನಲ್ಲಿ ಕಟ್ಟಿದ್ದಾನೆ. ನಾನು ಧಾತುವಿನ ರಕ್ತಸಂಬಂಧ ಹುಡುಕಿಕೊಂಡು ಸಂಸ್ಕೃತದವರೆಗೆ ಹೋಗಿದ್ದೆ. ಒಕ್ಕಲಿಗೆ ಆ ರಕ್ತಸಂಬಂಧ ಇರಲಿಲ್ಲ, ಜೋಡಿ ಮಾತ್ರ ಪಕ್ಕದ ಮನೆಯಲ್ಲೇ ಇತ್ತು.

ಬಂಡೆಯ ಒಕ್ಕಲು ಎನ್ನಬಹುದು. ಸೇರಿಸಿ ಬರೆಯುವುದಾದರೆ ‘ಕಲ್ಲೊಕ್ಕಲು’, ಲೋಪ ಸಂಧಿ, ಅಡ್ಡಪ್ರಶ್ನೆಯವರಿಗೆ ಇಲ್ಲಿ ಬೇರೆ ರೀತಿ ಬಿಡಿಸಲು ಜಾಗವಿಲ್ಲ. ಸ್ಯಾಕ್ಸಮ್ ಎಂದರೆ ಬಂಡೆಯೇ ಹೊರತು ಕಲ್ಲಲ್ಲ ಎಂದು ಭೂತಗನ್ನಡಿಯವರು ತಕರಾರು ತೆಗೆಯಬಹುದು. ಆದರೆ ದುರ್ಗವನ್ನು ನಾವು ಕಲ್ಲಿನ ಕೋಟೆ ಎಂದೇ ಕರೆಯುವುದು. ಅಲ್ಲಿ ಕಲ್ಲು ಎಂದರೆ ಎಷ್ಟು ದೊಡ್ಡದು ಎಂದು ಯಾರೂ ಕೇಳಿಲ್ಲ. ಸಾಲೂ ಕೂಡುತ್ತದೆ: ತೊಗಟೆಯೊಕ್ಕಲು, ನೆಲದೊಕ್ಕಲು, ಎಲೆಯೊಕ್ಕಲು.


ಅಡ್ಡಪ್ರಶ್ನೆ (ಸೋಮವಾರ ಬೆಳಿಗ್ಗೆ 8:05)

ಚೆನ್ನಾಗಿದೆ, ಅದಕ್ಕೇ ಅನುಮಾನ. ಎರಡು ಆಕ್ಷೇಪ. ಒಕ್ಕಲು ಎಂದ ತಕ್ಷಣ ಓದುಗನ ಮನಸ್ಸಿಗೆ ಬರುವುದು ಒಂದು ಸಮುದಾಯದ ಹೆಸರು. ಪ್ರದರ್ಶನಕ್ಕೆ ಬಂದ ಯಾರಾದರೂ ‘ನಮ್ಮನ್ನು ಪಾಚಿಗೆ ಹೋಲಿಸಿದ್ದೀರಾ’ ಎಂದರೆ ಆ ಹುಡುಗಿ ಏನು ಉತ್ತರ ಕೊಡಬೇಕು? ಎರಡನೆಯದು, ಒಕ್ಕಲು ಮನುಷ್ಯರ ಮಾತು. ಹಲ್ಲಿಗೂ ಹಾವಸೆಗೂ ಹಚ್ಚಿದರೆ ಅದು ರೂಪಕವಾಯಿತು, ವಿಜ್ಞಾನದ ಪದವಾಗಲಿಲ್ಲ.


ಹಳೇಪೇಟೆ ಮೇಷ್ಟ್ರು, ದಾವಣಗೆರೆ (ಸೋಮವಾರ ಬೆಳಿಗ್ಗೆ 9:00)

ಮನೆ ಒಕ್ಕಲಿನ ಕರೆಯೋಲೆ ಎಲ್ಲ ಸಮುದಾಯದವರ ಮನೆಯಿಂದಲೂ ಬರುತ್ತದೆ. ಶಾಸನಗಳಲ್ಲಿ ಬರುವ ಅರುವತ್ತೊಕ್ಕಲು ಎಂಬಲ್ಲಿ ಲೆಕ್ಕ ಕುಟುಂಬಗಳದ್ದು. ಎರಡನೆಯ ಆಕ್ಷೇಪಕ್ಕೆ: ಕೊಲೆರೆ ಕೂಡ ಮನುಷ್ಯರ ಮಾತೇ ಆಗಿತ್ತು. ಲೈಕನ್ನಿಗೆ ಹಚ್ಚಿದವರು ಆಮೇಲಿನ ಸಸ್ಯಶಾಸ್ತ್ರಜ್ಞರು. ಲ್ಯಾಟಿನ್ನಿನಲ್ಲಿ ಮಾಡಿದರೆ ಪರಿಭಾಷೆ, ಕನ್ನಡದಲ್ಲಿ ಮಾಡಿದರೆ ರೂಪಕ ಎಂದರೆ ಹೇಗೆ?


ಭೂತಗನ್ನಡಿ (ಸೋಮವಾರ ಮಧ್ಯಾಹ್ನ 1:30)

ಪದದ ಜಗಳಕ್ಕೆ ನಾನು ಬರುವುದಿಲ್ಲ ಎಂದಿದ್ದೆ. ಆದರೆ ಬೇಸಾಯದ ಅರ್ಥ ಬಂದ ಮೇಲೆ ಸುಮ್ಮನಿರಲಾಗುತ್ತಿಲ್ಲ.

ಲೈಕನ್ ಒಂದು ಜೀವಿಯಲ್ಲ, ಜಂಟಿ ಸಂಸಾರ. ಹೊರಗೆ ಗೋಡೆಯಂತೆ ಒಂದು ಶಿಲೀಂಧ್ರ, ಅದರ ಒಳಪದರದಲ್ಲಿ ಪಾಚಿ ಅಥವಾ ನೀಲಿಹಸಿರು ಬ್ಯಾಕ್ಟೀರಿಯ. ಶಿಲೀಂಧ್ರಕ್ಕೆ ಸ್ವಂತವಾಗಿ ಆಹಾರ ಮಾಡಿಕೊಳ್ಳಲು ಬರುವುದಿಲ್ಲ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ನೆರಳು, ತೇವ, ಹಿಡಿದುಕೊಳ್ಳಲು ಜಾಗ ಕೊಟ್ಟು ಸಕ್ಕರೆಯಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಇದನ್ನು ಮೊದಲು ಹೇಳಿದವನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್, 1867ರಲ್ಲಿ. ಅವನು ಶಿಲೀಂಧ್ರವನ್ನು ಒಡೆಯನಿಗೂ ಪಾಚಿಯನ್ನು ಅವನ ಗುಲಾಮರಿಗೂ ಹೋಲಿಸಿದ. ಆ ಕಾಲದ ಲೈಕನ್ ಪಂಡಿತರು ಸಿಟ್ಟಾದರು. ತಾವು ಜೀವನವಿಡೀ ಓದಿದ್ದು ಒಂದು ಸಸ್ಯವೇ ಅಲ್ಲ ಎಂದರೆ ಯಾರಿಗೆ ಸಹನೆಯಾಗುತ್ತದೆ? 1879ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಡಿ ಬಾರಿ ಇಂಥ ಕೂಡುಬಾಳನ್ನೆಲ್ಲ ಸೇರಿಸಿ ಸಹಜೀವನ ಎಂಬ ಪರಿಕಲ್ಪನೆ ಮುಂದಿಟ್ಟ. ನಮ್ಮ ಕಾಲದ ಲೈಕನ್ ತಜ್ಞ ಟ್ರೆವರ್ ಗೋವರ್ಡ್ ಅವರ ಮಾತು ಇನ್ನೂ ರುಚಿಯಾಗಿದೆ: ಲೈಕನ್ ಎಂದರೆ ಬೇಸಾಯ ಕಂಡುಕೊಂಡ ಶಿಲೀಂಧ್ರ.

ಈಗ ಕಲ್ಲೊಕ್ಕಲು ಎಂಬುದನ್ನು ಓದಿ. ಬಂಡೆಯ ಮೇಲೆ ನೆಲೆಸಿದ್ದೂ ಹೌದು, ಅಲ್ಲೇ ಪಾಚಿಯ ಬೆಳೆ ತೆಗೆಯುವುದೂ ಹೌದು. ಸ್ಯಾಕ್ಸಿಕೊಲಸ್ ಎಂದು ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ಮೊದಲನೆಯ ಅರ್ಥ ಮಾತ್ರ. ಕನ್ನಡದ ಪದ ಎರಡನ್ನೂ ಹೇಳುತ್ತಿದೆ. ಓತಿಗೆ ಈ ಎರಡನೆಯ ಅರ್ಥ ಸಲ್ಲುವುದಿಲ್ಲ ನಿಜ, ಅದು ಬಂದು ಇರುವ ಒಕ್ಕಲು ಮಾತ್ರ.

ಒಡಹುಟ್ಟಿದವರಲ್ಲಿ ಒಬ್ಬನನ್ನು ನಿನ್ನೆ ಬಿಟ್ಟಿದ್ದೆ. ಲೈಕನ್‌ಗಳ ಮೈಮೇಲೆಯೇ ಬದುಕುವ ಬೇರೆ ಶಿಲೀಂಧ್ರಗಳಿವೆ, ಅವುಗಳ ವಿಶೇಷಣ ಲೈಕನಿಕೊಲಸ್. ಒಕ್ಕಲಿನ ಮೇಲೆ ಒಕ್ಕಲು. ಇದಕ್ಕೆ ಕಂದಾಯ ಇಲಾಖೆಯವರ ಭಾಷೆಯಲ್ಲಿ ಒಳಗೇಣಿ ಎನ್ನುತ್ತಾರಲ್ಲವೇ?


ಅಡ್ಡಪ್ರಶ್ನೆ (ಸೋಮವಾರ ಮಧ್ಯಾಹ್ನ 2:10)

ಹಾಗಾದರೆ 1974ರ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಬಂಡೆಗೂ ಅನ್ವಯಿಸಬೇಕು. ಉಳುವವನೇ ಒಡೆಯ. ಇಷ್ಟು ವರ್ಷ ಉತ್ತ ಲೈಕನ್ನಿಗೆ ಕೋಟೆಯನ್ನು ಬರೆದುಕೊಡಿ. ಗೇಣಿ ಎಷ್ಟು ಕೊಡುತ್ತಿದೆ ಎಂದಾದರೂ ತಿಳಿಯೋಣ.


ಭೂತಗನ್ನಡಿ (ಸೋಮವಾರ ಮಧ್ಯಾಹ್ನ 2:25)

ಗೇಣಿ ಕೊಡುವುದಿಲ್ಲ. ಬದಲಿಗೆ ಇರುವ ಮನೆಯನ್ನೇ ನಿಧಾನವಾಗಿ ಕೆರೆಯುತ್ತದೆ. ಶಿಲೀಂಧ್ರದ ಎಳೆಗಳು ಹರಳುಗಳ ಸಂದಿಗೆ ಇಳಿಯುತ್ತವೆ, ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗಿ ಸಂದಿಯನ್ನು ಸಡಿಲಿಸುತ್ತವೆ, ಅದರ ಜೊತೆಗೆ ಆಕ್ಸಾಲಿಕ್ ಆಮ್ಲ. ಆದ್ದರಿಂದ ‘ಕಲ್ಲು ತಿನ್ನುವ’ ಎಂದು ಬರೆದ ಹುಡುಗಿಯನ್ನು ತೀರಾ ಗೇಲಿ ಮಾಡಬೇಡಿ. ಅವಳು ಪದದ ಅರ್ಥ ತಪ್ಪಾಗಿ ಬರೆದಳು, ಜೀವಿಯ ಗುಣವನ್ನಲ್ಲ. ವೇಗ ಮಾತ್ರ ಮನುಷ್ಯರ ಲೆಕ್ಕಕ್ಕೆ ಸಿಗದು. ಹೊಪ್ಪಳೆ ಲೈಕನ್‌ಗಳಲ್ಲಿ ಕೆಲವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಆಲ್ಪ್ಸ್‌ನಂಥ ಚಳಿನಾಡುಗಳ ‘ನಕಾಶೆ ಲೈಕನ್’ ಎಷ್ಟು ಅಗಲವಾಗಿದೆ ಎಂದು ಅಳೆದು, ಹಿಮನದಿ ಸರಿದು ಆ ಬಂಡೆ ಬಯಲಾದದ್ದು ಯಾವಾಗ ಎಂದು ಲೆಕ್ಕ ಹಾಕುವ ವಿಧಾನವೇ ಇದೆ. ಆಸ್ಟ್ರಿಯದ ರೋಲಂಡ್ ಬೆಶೆಲ್ 1950ರಲ್ಲಿ ಅದನ್ನು ಮಂಡಿಸಿದ. ಅದೇ ಜಾತಿಯನ್ನು 2005ರಲ್ಲಿ ಐರೋಪ್ಯ ವಿಜ್ಞಾನಿಗಳು ಉಪಗ್ರಹದಲ್ಲಿಟ್ಟು ಎರಡು ವಾರ ಬಯಲು ಬಾಹ್ಯಾಕಾಶಕ್ಕೆ ಒಡ್ಡಿದರು, ಬದುಕಿ ಬಂತು.


ಮೊಳಕಾಲ್ಮೂರು ಮಗ್ಗ (ಸೋಮವಾರ ರಾತ್ರಿ 8:50)

ಇಷ್ಟು ಹೊತ್ತು ಓದುತ್ತಿದ್ದೆ, ‘ಒಕ್ಕಲೆಬ್ಬಿಸು’ ಎಂಬ ಮಾತು ಯಾರ ಬಾಯಿಗೂ ಬರಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನಮ್ಮ ಕಡೆ ಒಂದು ಊರಿನಲ್ಲಿ ವೀರಗಲ್ಲು ಇತ್ತು, ಮೂರು ಹಂತದ್ದು, ನಡುವಿನ ಪಟ್ಟಿಯಲ್ಲಿ ನಾಲ್ಕು ಸಾಲು ಬರಹ. ಮೈಯೆಲ್ಲ ಬೂದು ಬಿಳಿ ಮಚ್ಚೆ. ಜಾತ್ರೆಗೆ ಮುಂಚೆ ಚೊಕ್ಕಟ ಮಾಡೋಣ ಎಂದು ಊರಿನ ಉತ್ಸಾಹಿಗಳು ತಂತಿಯ ಬ್ರಷ್ ಹಿಡಿದು, ಶೌಚಾಲಯಕ್ಕೆ ಬಳಸುವ ಆಮ್ಲ ಸುರಿದು ಉಜ್ಜಿದರು. ನಾನೂ ಬಕೆಟ್ ನೀರು ತಂದುಕೊಟ್ಟವನೇ, ಆಗ ಹದಿನಾರು ವರ್ಷ. ಕಲ್ಲು ಫಳಫಳ ಹೊಳೆಯಿತು. ಎರಡನೆಯ ಸಾಲಿನ ಅರ್ಧ ಅಂದೇ ಹೋಗಿತ್ತು, ಮುಂದಿನ ಎರಡು ಮಳೆಗಾಲದಲ್ಲಿ ಉಳಿದದ್ದೂ ಮಾಸಿತು. ಅದರ ಅಚ್ಚು ಯಾರೂ ತೆಗೆದಿರಲಿಲ್ಲ. ಸತ್ತ ವೀರನ ಹೆಸರು ಏನೆಂದು ಈಗ ಯಾರಿಗೂ ಗೊತ್ತಿಲ್ಲ.

ಲೈಕನ್ ಅಕ್ಷರ ಕೆಡಿಸುತ್ತದೆ ಎಂಬುದು ನಿಜವಿರಬಹುದು. ಆದರೆ ನಾವು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದನ್ನು ಅದು ನೂರಾರು ವರ್ಷದಲ್ಲೂ ಕೆಡಿಸಿರಲಿಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನ 1892ರಲ್ಲಿ ಬಿ.ಎಲ್. ರೈಸ್ ಕಣ್ಣಿಗೆ ಬಿದ್ದಾಗ ಎರಡು ಸಾವಿರ ವರ್ಷ ದಾಟಿತ್ತು. ಅದರ ಕೊನೆಯಲ್ಲಿ ಬರೆದವನು, ಚಪಡ ಎಂಬ ಲಿಪಿಕಾರ, ತನ್ನ ಕಸುಬಿನ ಹೆಸರನ್ನು ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಬಯಲಿನ ಬಂಡೆಯ ಮೇಲೆ ಅಷ್ಟು ಕಾಲ ಅದು ಉಳಿಯಿತು. ಯಾರ ಪುಣ್ಯವೋ, ಚೊಕ್ಕಟ ಮಾಡುವವರು ಆ ಕಡೆ ಬಂದಿರಲಿಲ್ಲ.

ತಂಗಿ, ಫಲಕದಲ್ಲಿ ಹೆಸರು ಏನಾದರೂ ಇರಲಿ. ಉಜ್ಜಬೇಡಿ ಎಂದು ಒಂದು ಸಾಲು ಬರೆಯಮ್ಮ.


ಭೂತಗನ್ನಡಿ (ಸೋಮವಾರ ರಾತ್ರಿ 9:20)

ಲೈಕನ್ ಹೊದಿಕೆ ಕೆಲವು ಕಡೆ ಕಲ್ಲನ್ನು ಮಳೆ ಗಾಳಿಯಿಂದ ಕಾಪಾಡುತ್ತದೆ ಎಂದು ತೋರಿಸಿದ ಅಧ್ಯಯನಗಳೂ ಇವೆ. ತೆಗೆಯಬೇಕೋ ಬೇಡವೋ ಎಂಬುದು ಕಲ್ಲಿನ ಜಾತಿ, ಲೈಕನ್ನಿನ ಜಾತಿ ಎರಡನ್ನೂ ನೋಡಿ ಸಂರಕ್ಷಣೆ ಓದಿದವರು ನಿರ್ಧರಿಸಬೇಕಾದ ಮಾತು. ಆಮ್ಲ ಮತ್ತು ತಂತಿಯ ಬ್ರಷ್ ಯಾವ ಲೆಕ್ಕದಲ್ಲೂ ಇಲ್ಲ.


ಜೋಗಿಮಟ್ಟಿ ಗಾಳಿ, ಚಿತ್ರದುರ್ಗ (ಬುಧವಾರ ಸಂಜೆ 6:00)

ಫಲಕದ ಬರಹ ಇಂದು ಒಪ್ಪಿಗೆಯಾಯಿತು. ಒಪ್ಪಿಸಲು ಸ್ವಲ್ಪ ವಾದ ಮಾಡಬೇಕಾಯಿತು. ‘ಪುಸ್ತಕದಲ್ಲಿಲ್ಲದ ಪದ’ ಎಂಬ ಆಕ್ಷೇಪ ಬಂತು. ಮೇಷ್ಟ್ರ ಮೂರು ಅರ್ಥಗಳನ್ನು ಹೇಳಿದ ಮೇಲೆ, ಇಂಗ್ಲಿಷ್ ಪದವೂ ಪಕ್ಕದಲ್ಲಿರಲಿ ಎಂಬ ಷರತ್ತಿನ ಮೇಲೆ ಬಿಟ್ಟರು. ಹೀಗಿದೆ:

“ಕೋಟೆಯ ಬಂಡೆಯ ಮೇಲಿನ ಈ ಮಚ್ಚೆಗಳು ಸುಣ್ಣವಲ್ಲ, ಕೊಳೆಯಲ್ಲ. ಇವಕ್ಕೆ ಜೀವ ಇದೆ. ಹೆಸರು ಲೈಕನ್. ಒಂದು ಶಿಲೀಂಧ್ರ ತನ್ನೊಳಗೆ ಪಾಚಿಯನ್ನು ಸಾಕಿಕೊಂಡು, ಅದು ಬಿಸಿಲಿನಲ್ಲಿ ಮಾಡಿದ ಸಕ್ಕರೆ ಹಂಚಿಕೊಂಡು ಬದುಕುತ್ತದೆ. ಬಂಡೆಯ ಮೇಲೆ ನೆಲೆಸಿರುವುದರಿಂದ ಇವು ಕಲ್ಲೊಕ್ಕಲು ಲೈಕನ್‌ಗಳು. ವಿಜ್ಞಾನಿಗಳು ಸ್ಯಾಕ್ಸಿಕೊಲಸ್ ಎನ್ನುತ್ತಾರೆ. ನಿಮ್ಮ ಉಗುರಿನಷ್ಟು ಅಗಲವಾಗಲು ಇವಕ್ಕೆ ನಿಮ್ಮ ವಯಸ್ಸಿಗಿಂತ ಹೆಚ್ಚು ಕಾಲ ಬೇಕಾಗಿರಬಹುದು. ಕೆರೆಯಬೇಡಿ, ಉಜ್ಜಬೇಡಿ, ಹೆಸರು ಬರೆಯಬೇಡಿ.”

ಅಜ್ಜಿಗೆ ಓದಿ ಹೇಳಿದೆ. ತಮ್ಮ ಪದ ಇದೆಯೆಂದು ಖುಷಿಪಟ್ಟರು, ಆದರೆ ದೇವರ ಮಾತು ಏಕೆ ಬಿಟ್ಟೆ ಎಂದು ಕೇಳಿದರು.


ಹಳೇಪೇಟೆ ಮೇಷ್ಟ್ರು, ದಾವಣಗೆರೆ (ಬುಧವಾರ ಸಂಜೆ 6:40)

‘ಜೀವ ಇದೆ’ ಎಂಬುದನ್ನು ‘ಜೀವವಿದೆ’ ಎಂದು ಮಾಡು. ಉಳಿದದ್ದು ಮುಟ್ಟಬೇಡ.


ಮಂಡಕ್ಕಿ ಮೆಣಸಿನಕಾಯಿ, ದಾವಣಗೆರೆ (ಬುಧವಾರ ರಾತ್ರಿ 8:15)

ಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಮೂಸಿ ನೋಡುವುದಕ್ಕೆ ಒಂದು ಪೊಟ್ಟಣ ಕಲ್ಲುಹೂವನ್ನೂ ತರುತ್ತೇನೆ, ಫಲಕದ ಕೆಳಗೆ ಇಡಮ್ಮ. ನಮ್ಮ ಅಂಗಡಿಯ ಡಬ್ಬಿಯ ಮೇಲಿನ ಚೀಟಿ ಮಾತ್ರ ಬದಲಾಯಿಸುವುದಿಲ್ಲ. ‘ತೊಗಟೆಯೊಕ್ಕಲು, 50 ಗ್ರಾಂ’ ಎಂದು ಬರೆದರೆ ಯಾರು ಕೊಳ್ಳುತ್ತಾರೆ?